ಧಾರವಾಡಕ್ಕೆ ಹೋದವರು

ನಮ್ಮ ಕಡೆ ಧಾರವಾಡಕ್ಕೆ ಹೋಗುವುದೆಂದರೆ ಎರಡು ಅರ್ಥ. ಕಟ್ಟೆಯ ಮೇಲೆ ಕುಳಿತು, ನಾಲ್ಕು ಮಂದಿಗೆ ಕೇಳುವಂತೆ, ‘ಮಗ ಧಾರವಾಡಕ್ಕ ಹೋಗ್ಯಾನ’ ಎಂದರೆ ಅದು ಕರ್ನಾಟಕ ಕಾಲೇಜು, ಓದು, ಮುಂದೆ ನೌಕರಿ. ಅದೇ ಮಾತನ್ನು ದನಿ ತಗ್ಗಿಸಿ, ಬಾಗಿಲ ಮರೆಯಲ್ಲಿ ಹೇಳಿದರೆ ಅದು ಬೆಳಗಾವಿ ರಸ್ತೆಯ ಆ ಇನ್ನೊಂದು ಆವರಣ: ಹುಚ್ಚರ ದವಾಖಾನಿ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವನು ನಾನು. ಹಟ ಮಾಡುವ ಮಕ್ಕಳಿಗೆ ತಾಯಂದಿರು ‘ನಿನ್ನ ಧಾರವಾಡಕ್ಕ ಕಳಸಬೇಕಾಗೇತಿ’ ಎನ್ನುವುದನ್ನು ನಾಲ್ಕೂ ಕಡೆ ಒಂದೇ ಧಾಟಿಯಲ್ಲಿ ಕೇಳಿದ್ದೇನೆ. ಒಂದು ಊರಿನ ಹೆಸರೇ ಬೆದರಿಕೆಯಾಗಿ ಇಷ್ಟು ವರ್ಷ ಉಳಿಯಬೇಕಾದರೆ, ಅಲ್ಲಿಗೆ ಹೋದವರು ಹೋಗಿದ್ದು ಹೇಗೆ, ಅವರಲ್ಲಿ ಹೊರಳಿ ಬಂದವರೆಷ್ಟು ಎಂದು ಕೇಳಲೇಬೇಕು. ಸಂಸ್ಥೆಯ ನೆನಪಿಗಾಗಿ ಬರೆಯುವ ಈ ಲೇಖನದಲ್ಲಿ ಕಟ್ಟಡದ ಕತೆಗಿಂತ ಆ ದಾರಿಯ ಕತೆಯೇ ಹೆಚ್ಚು.

ಇಂದು ಡಿಮ್ಹಾನ್ಸ್ ಎಂದು ಕರೆಯುವ ಈ ಸಂಸ್ಥೆ ಅಸೈಲಂ ಆಗಿ ಶುರುವಾದದ್ದು 1845ರಲ್ಲಿ. ಪೇಶವೆಯರು ಸೋತು ಧಾರವಾಡ ಸೀಮೆ ಕಂಪನಿ ಸರಕಾರದ ಕೈಗೆ ಬಂದು ಆಗಿನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಅದೇ 1845ರಲ್ಲಿ ಇಂಗ್ಲೆಂಡಿನಲ್ಲಿಯೂ ಎರಡು ದೊಡ್ಡ ಕಾಯಿದೆಗಳು ಬಂದವು. ಪ್ರತಿ ಜಿಲ್ಲೆಯೂ ಬಡ ಮನೋರೋಗಿಗಳಿಗೆ ಅಸೈಲಂ ಕಟ್ಟಲೇಬೇಕು, ಅದನ್ನು ಪರಿಶೀಲಿಸಲು ಆಯುಕ್ತರಿರಬೇಕು ಎಂದು ಅವು ವಿಧಿಸಿದವು. ಅದಕ್ಕೂ ಆರು ವರ್ಷ ಮೊದಲೇ, ಲಂಡನ್ನಿನ ಬಳಿಯ ಹ್ಯಾನ್‌ವೆಲ್ ಅಸೈಲಂನಲ್ಲಿ ಜಾನ್ ಕೊನೊಲಿ ಎಂಬ ವೈದ್ಯ ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನೇ ಕೈಬಿಟ್ಟಿದ್ದ. ಅಲ್ಲಿ ಸರಪಳಿ ಕಳಚುವ ಮಾತು ನಡೆದಿದ್ದ ಹೊತ್ತಿನಲ್ಲಿ ಇಲ್ಲಿ ಗೋಡೆ ಏಳುತ್ತಿತ್ತು. ಮುಂದೆ ನಿಮ್ಹಾನ್ಸ್ ಆಗಿ ಜಗತ್ತಿಗೆ ಪರಿಚಯವಾದ ಬೆಂಗಳೂರಿನ ಅಸೈಲಂ ಕೂಡ ವಯಸ್ಸಿನಲ್ಲಿ ನಮ್ಮ ಧಾರವಾಡದ್ದಕ್ಕಿಂತ ಕಿರಿಯದು.

ಆ ಕಾಲದ ನಕಾಶೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಇವತ್ತಿನ ಶಿಗ್ಗಾವಿ ತಾಲೂಕು ಆಗ ಬಂಕಾಪುರ ತಾಲೂಕು. ಹಿರೇಕೆರೂರು ಆಗ ಕೋಡ ತಾಲೂಕಿನ ಕಚೇರಿ ಇದ್ದ ಊರು. ಹಾನಗಲ್ಲ ಆಗಲೂ ಹಾನಗಲ್ಲವೇ. ಸವಣೂರು ಮಾತ್ರ ನವಾಬರ ಸಂಸ್ಥಾನ, 1948ರವರೆಗೂ ಬೇರೆಯದೇ ಆಡಳಿತ. ಹಾಗಾಗಿ ಬ್ರಿಟಿಷ್ ಮುಲುಕಿನ ಕಾಯಿದೆ ಹಾನಗಲ್ಲಿನ ರೋಗಿಗೆ ಅನ್ವಯಿಸಿದ ಹಾಗೆ ಪಕ್ಕದ ಸವಣೂರಿನ ರೋಗಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಹಾವೇರಿ ಮೇಲೆ ಹರಿಹರಕ್ಕೆ ರೈಲು ಓಡಿದ್ದು 1880ರ ದಶಕದಲ್ಲಿ. ಹಾನಗಲ್ಲಿಗೂ ಹಿರೇಕೆರೂರಿಗೂ ಇವತ್ತಿಗೂ ರೈಲಿಲ್ಲ. ರೈಲು ಬರುವ ಮೊದಲಿನ ನಲವತ್ತು ವರ್ಷ ಹಿರೇಕೆರೂರಿನ ರೋಗಿಯೊಬ್ಬ ಧಾರವಾಡ ಮುಟ್ಟಬೇಕೆಂದರೆ ಚಕ್ಕಡಿಯಲ್ಲಿ ದಿನಗಟ್ಟಲೆ ಪಯಣ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಗಾಲಿ ಇಳಿಯಿತೆಂದರೆ ಆ ಮಾತೂ ಇಲ್ಲ.

ಚಕ್ಕಡಿ ಮೊದಲು ಹೊರಡುತ್ತಿದ್ದದ್ದು ಧಾರವಾಡದ ಕಡೆಗಂತೂ ಅಲ್ಲ. ತಲೆ ಕೆಟ್ಟಿದೆ, ಗಾಳಿ ಸೋಕಿದೆ, ಯಾರೋ ಮಾಡಿಸಿದ್ದಾರೆ ಎಂದು ಮನೆಯವರಿಗೆ ತೋಚಿದ ಹಾಗೆ ಮೊದಲ ದಾರಿ ದೇವರ ಕಡೆಗೆ. ಶಿಗ್ಗಾವಿ, ಸವಣೂರಿನ ಮಂದಿಗೆ ಹುಲಗೂರಿನ ದರ್ಗಾ. ಹಿರೇಕೆರೂರಿನವರಿಗೆ ತುಂಗಭದ್ರೆಯ ದಂಡೆಯ ಉಕ್ಕಡಗಾತ್ರಿ ಅಜ್ಜಯ್ಯನ ಸನ್ನಿಧಿ. ಇದನ್ನು ಹೀಗಳೆಯಲು ನನಗೆ ಮನಸ್ಸಿಲ್ಲ. ಬೇರೆ ಯಾರೂ ಬಾಗಿಲು ತೆರೆಯದ ಕಾಲದಲ್ಲಿ ಅಲ್ಲಿ ರೋಗಿಯ ಜೊತೆ ಇಡೀ ಮನೆಯೇ ಇಳಿದುಕೊಳ್ಳಬಹುದಿತ್ತು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಕಾಯಬಹುದಿತ್ತು. ಇನ್ನೊಂದು ಮಾತು. ನನ್ನ ಹಾಜರಿ ಪುಸ್ತಕದಲ್ಲಿ ಹುಚ್ಚಪ್ಪ, ಹುಚ್ಚವ್ವ, ಮರುಳಸಿದ್ದಪ್ಪ ಎಂಬ ಹೆಸರುಗಳು ಪ್ರತಿ ವರ್ಷವೂ ಇರುತ್ತಿದ್ದವು. ಹುಚ್ಚನ್ನೂ ಮರುಳನ್ನೂ ದೇವರ ಹೆಸರಿಗೆ ಸೇರಿಸಿ ಮಕ್ಕಳಿಗೆ ಇಟ್ಟು ತೊಟ್ಟಿಲು ತೂಗಿದ ಸೀಮೆ ಇದು. ಹೆಸರಿನಲ್ಲಿ ಇಷ್ಟು ಹತ್ತಿರ ಇಟ್ಟುಕೊಂಡ ನಾವು ಮನುಷ್ಯನನ್ನು ಅಷ್ಟು ದೂರ ಇಟ್ಟದ್ದು ನನಗೆ ಇವತ್ತಿಗೂ ಬಿಡಿಸಲಾಗದ ಒಗಟು.

ದೇವರಿಗೂ ಬಗ್ಗದಾಗ ಬರುತ್ತಿದ್ದವನು ಪೌಜದಾರ. 1858ರ ಕಾಯಿದೆ, ಆಮೇಲೆ 1912ರ ಇಂಡಿಯನ್ ಲುನಸಿ ಆ್ಯಕ್ಟ್, ಎರಡರಲ್ಲೂ ಅಸೈಲಂನ ಬಾಗಿಲು ಮುಖ್ಯವಾಗಿ ತೆರೆಯುತ್ತಿದ್ದದ್ದು ಮ್ಯಾಜಿಸ್ಟ್ರೇಟರ ಹುಕುಮಿನಿಂದ. ದಿಕ್ಕಿಲ್ಲದೆ ಅಲೆಯುವವರನ್ನು, ಅಪಾಯಕಾರಿ ಎನಿಸಿದವರನ್ನು ಪೊಲೀಸರು ಹಿಡಿದು ಕಚೇರಿಗೆ ತರಬೇಕು, ವೈದ್ಯರು ಪರೀಕ್ಷಿಸಿ ಸರ್ಟಿಫಿಕೇಟು ಕೊಡಬೇಕು, ಆಮೇಲೆ ಹುಕುಂ. ರೋಗಿ ಊರು ಬಿಡುವಾಗ ಅವನ ಜೊತೆ ಇರುತ್ತಿದ್ದದ್ದು ಪೊಲೀಸ್ ಸಿಪಾಯಿ. ನೋಡುವ ಓಣಿಯವರಿಗೆ ಅದಕ್ಕೂ ಕಳ್ಳನನ್ನು ಒಯ್ಯುವುದಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ದನಿ ತಗ್ಗಿಸಿ ಮಾತಾಡುವ ಅಭ್ಯಾಸ ನಮ್ಮವರಿಗೆ ಅಂಟಿದ್ದು ಇಲ್ಲಿಂದಲೇ ಎಂದು ನಾನು ನಂಬಿದ್ದೇನೆ. ಹಾಗಂತ ಆ ಕಾಯಿದೆಯಲ್ಲಿ ಬರೀ ಹಿಡಿಯುವ ಮಾತೇ ಇರಲಿಲ್ಲ. ಮನೆಯವರು ರೋಗಿಯನ್ನು ಕ್ರೂರವಾಗಿ ನಡೆಸಿಕೊಂಡರೆ ಪೊಲೀಸರು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಎಂಬ ಕಲಮು 1912ರಲ್ಲೇ ಇತ್ತು. ಅಸೈಲಂಗೆ ಸಂದರ್ಶಕರ ಮಂಡಳಿ ಇರಬೇಕು, ತಿಂಗಳಿಗೊಮ್ಮೆಯಾದರೂ ಬಂದು ನೋಡಬೇಕು ಎಂದೂ ಇತ್ತು. ಸಂಬಂಧಿಕರು ಬಂದು, ಸರಿಯಾಗಿ ನೋಡಿಕೊಳ್ಳುತ್ತೇವೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ರೋಗಿಯನ್ನು ಬಿಡುಗಡೆ ಮಾಡುವ ದಾರಿಯೂ ಇತ್ತು.

ಆ ಮುಚ್ಚಳಿಕೆಗೆ ಹೆಬ್ಬೆಟ್ಟು ಒತ್ತಲು ಹಾನಗಲ್ಲಿನ ಒಕ್ಕಲಿಗನೊಬ್ಬ ಸುಗ್ಗಿ ಬಿಟ್ಟು, ದಾರಿಖರ್ಚು ಹೊಂದಿಸಿ, ಧಾರವಾಡ ಮುಟ್ಟಬೇಕಿತ್ತು. ಒಳಗೆ ಹೋಗಲು ಸರಕಾರದ ಖರ್ಚು, ಸರಕಾರದ ಸಿಪಾಯಿ. ಹೊರಗೆ ಬರಲು ಮನೆಯವರ ಖರ್ಚು, ಮನೆಯವರ ಮನಸ್ಸು. ಲೆಕ್ಕ ಇಷ್ಟು ಸರಳ. ಬಹಳ ಮಂದಿ ಒಳಗೇ ಉಳಿದದ್ದಕ್ಕೆ ಕಾಯಿಲೆಯಷ್ಟೇ ಈ ಲೆಕ್ಕವೂ ಕಾರಣ.

ಒಳಗಿನ ದಿನಚರಿಯ ಬಗ್ಗೆ ಮುಂಬಯಿ ಇಲಾಖೆಯ ಅಸೈಲಂಗಳ ವಾರ್ಷಿಕ ವರದಿಗಳು ಸಾಕಷ್ಟು ಹೇಳುತ್ತವೆ. ಕೊಲಾಬಾ, ಪುಣೆ, ಅಹಮದಾಬಾದ, ರತ್ನಾಗಿರಿಗಳ ಸಾಲಿನಲ್ಲಿ ನಮ್ಮ ಧಾರವಾಡವೂ ಒಂದು. ಜಿಲ್ಲೆಯ ಸಿವಿಲ್ ಸರ್ಜನ್ ತನ್ನ ಬೇರೆ ಹತ್ತು ಕೆಲಸಗಳ ನಡುವೆ ಇಂಥ ಅಸೈಲಂಗಳ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದ. ತೋಟದ ಕೆಲಸ, ನೇಯ್ಗೆ, ಬೀಸುವುದು, ಕುಟ್ಟುವುದು ರೋಗಿಗಳ ದಿನಗೆಲಸ. ದುಡಿದರೆ ಮನಸ್ಸು ನೆಲೆಗೊಳ್ಳುತ್ತದೆ ಎಂಬ ನಂಬಿಕೆ ಒಂದು ಕಡೆ, ಸರಕಾರಕ್ಕೆ ಖರ್ಚು ಇಳಿಯುತ್ತದೆ ಎಂಬ ಲೆಕ್ಕ ಇನ್ನೊಂದು ಕಡೆ. ಔಷಧಿ ಎಂದರೆ ಮಲಗಿಸುವ ಔಷಧಿ: ಬ್ರೋಮೈಡು, ಕ್ಲೋರಲ್, ಮುಂದೆ ಮೂಗು ಬಿರಿಯುವ ವಾಸನೆಯ ಪ್ಯಾರಾಲ್ಡಿಹೈಡ್. ಅಂದಿನ ಅಸೈಲಂಗಳಲ್ಲಿ ಸಾವಿಗೆ ದೊಡ್ಡ ಕಾರಣ ಹುಚ್ಚಲ್ಲ. ಆಮಶಂಕೆ, ಭೇದಿ, ಕಾಲರಾ, ಕ್ಷಯ, ಇವೇ ಹೆಚ್ಚು ಜೀವ ತೆಗೆದವು.

ಆ ವರದಿಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಕೋಷ್ಟಕ: ಹುಚ್ಚಿಗೆ ಕಾರಣವೇನು ಎಂಬುದು. ದುಃಖ, ಜ್ವರ, ಧರ್ಮದ ಗೀಳು, ಗಾಂಜಾ, ಕಡೆಗೆ ‘ಗೊತ್ತಿಲ್ಲ’. ರೋಗಿಯನ್ನು ತಂದ ಸಿಪಾಯಿಗೆ ಅವನ ಹಿಂದುಮುಂದು ಏನೂ ತಿಳಿದಿರುತ್ತಿರಲಿಲ್ಲ. ಕಾಗದದಲ್ಲಿ ಕಾರಣ ತುಂಬಲೇಬೇಕಾದಾಗ ಗಾಂಜಾ ಎಂದು ಬರೆದರೆ ಕೆಲಸ ಮುಗಿಯಿತು. 1893-94ರಲ್ಲಿ ಗಾಂಜಾ, ಭಂಗಿಗಳ ಬಗ್ಗೆ ವಿಚಾರಣೆ ನಡೆಸಿದ ಸರಕಾರಿ ಆಯೋಗ ದೇಶದ ಅಸೈಲಂಗಳ ಈ ದಾಖಲೆಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅವನ್ನು ನಂಬಿ ತೀರ್ಮಾನಕ್ಕೆ ಬರುವಂತಿಲ್ಲ ಎಂದಿತು. ಒಬ್ಬ ಮನುಷ್ಯನ ಬದುಕು ಮುರಿದು ಬೀಳಲು ಏನು ಕಾರಣ ಎಂಬ ಪ್ರಶ್ನೆಗೆ ಅವನನ್ನು ಬಲ್ಲವರು ಒಬ್ಬರೂ ಹತ್ತಿರವಿಲ್ಲದಾಗ, ಅಪರಿಚಿತನೊಬ್ಬ ಅಂದಾಜಿನ ಮೇಲೆ ಬರೆದ ಒಂದು ಪದ ಅದು. 1876-77ರ ಬರದಲ್ಲಿ ಈ ಜಿಲ್ಲೆ ಹೊಟ್ಟೆಗಿಲ್ಲದೆ ನರಳಿತು. ಅದಾದ ಇಪ್ಪತ್ತೇ ವರ್ಷಕ್ಕೆ ಪ್ಲೇಗು ಹುಬ್ಬಳ್ಳಿ ಧಾರವಾಡಗಳನ್ನು ಬರಿದು ಮಾಡಿತು. ಮನೆಮಂದಿಯನ್ನೆಲ್ಲ ಕಳೆದುಕೊಂಡು ದಾರಿ ಹಿಡಿದವನನ್ನು ಪೊಲೀಸರು ಹಿಡಿದು ತಂದಿದ್ದರೆ, ಅವನ ಕಾರಣದ ಕಾಲಂನಲ್ಲಿ ಏನು ಬರೆದಿರಬಹುದು?

1920ರ ದಶಕದ ಆರಂಭದಲ್ಲಿ ದೇಶದಾದ್ಯಂತ ಅಸೈಲಂ ಎಂಬ ಹೆಸರು ಹೋಗಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರು ಬಂತು. ಫಲಕ ಬದಲಾಯಿತು, ಬೀಗ ಬದಲಾಗಲಿಲ್ಲ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಲೆಕ್ಕ ಹಾಕಿದಾಗ ಅವಿಭಜಿತ ಇಂಡಿಯಾದ ಎಲ್ಲ ಮಾನಸಿಕ ಆಸ್ಪತ್ರೆಗಳಲ್ಲಿ ಸೇರಿ ಇದ್ದದ್ದು ಸುಮಾರು 10,000 ಹಾಸಿಗೆ. 1956ರ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯದಿಂದ ಕನ್ನಡ ರಾಜ್ಯಕ್ಕೆ ಬಂತು, ಆಸ್ಪತ್ರೆಯೂ ಬಂತು.

ನಿಜವಾದ ಬದಲಾವಣೆ ಬಂದದ್ದು ಗುಳಿಗೆಯಾಗಿ. 1952ರಲ್ಲಿ ಫ್ರಾನ್ಸಿನಲ್ಲಿ ಮನೋರೋಗಕ್ಕೆ ಬಳಸಿ ನೋಡಿದ ಕ್ಲೋರ್‌ಪ್ರೋಮಜೀನ್ ಆ ದಶಕದ ನಡುವಿನ ಹೊತ್ತಿಗೆ ನಮ್ಮ ದೇಶದ ಆಸ್ಪತ್ರೆಗಳನ್ನೂ ಮುಟ್ಟಿತು. ಇದರ ಜೊತೆ ನಾವು ಮರೆಯಬಾರದ ಇನ್ನೊಂದು ಹೆಸರಿದೆ, ಸರ್ಪಗಂಧ. ಹುಚ್ಚಿಗೆ ನಮ್ಮ ವೈದ್ಯರು ಕೊಡುತ್ತ ಬಂದಿದ್ದ ಈ ಬೇರಿನ ಗುಣವನ್ನು 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅದರ ಸಾರವಾದ ರಿಸರ್ಪಿನ್ ಅನ್ನು 1952ರಲ್ಲಿ ಸ್ವಿಸ್ ಕಂಪನಿಯೊಂದು ಬೇರ್ಪಡಿಸಿತು. ಎರಡೇ ವರ್ಷದಲ್ಲಿ ಅದು ನ್ಯೂಯಾರ್ಕಿನ ರೋಗಿಗಳಿಗೆ ಹೋಯಿತು.

ಈ ಗುಳಿಗೆಗಳ ಕಾಲವನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಕಣ್ಣಾರೆ ನೋಡಿದೆ. ಆಗ ನಾನು ನಾಲ್ಕನೆಯ ಇಯತ್ತೆ. ನಮ್ಮ ಓಣಿಯಲ್ಲಿ ಒಬ್ಬ ಕಾಕಾ ಇದ್ದ. ಹಿಂದೆ ದೊಡ್ಡಾಟದಲ್ಲಿ ವೇಷ ಕಟ್ಟಿದವನಂತೆ. ನನಗೆ ನೆನಪಿರುವ ಹೊತ್ತಿಗೆ ಅವನು ದನದ ಕೊಟ್ಟಿಗೆಯಲ್ಲಿ, ಗ್ವಾದಲಿಯ ಪಕ್ಕದ ಕಂಬಕ್ಕೆ ಬಿಗಿದ ಕಬ್ಬಿಣದ ಬಳೆಯಲ್ಲಿ ಎತ್ತಿನ ಸರಪಳಿಯಿಂದ ಕಟ್ಟಿಸಿಕೊಂಡಿದ್ದ. ರಾತ್ರಿ ಓಣಿ ಮಲಗಿದ ಮೇಲೆ ಆಟದ ಮಾತುಗಳನ್ನು ಒಬ್ಬನೇ ಹೇಳುತ್ತಿದ್ದ. ತನ್ನ ಪಾತ್ರದ್ದೂ, ಎದುರಿನವನದೂ. ಮಜ್ಜಿಗೆ ತರಲು ಹೋದಾಗ ನಾನು ನೋಡಿದ್ದು ಅವನ ಕಾಲನ್ನು. ಸರಪಳಿ ತಾಗುವ ಕಡೆ ಇಳಕಲ್ ಸೀರೆಯ ಹಳೆಯ ಅಂಚನ್ನು ಹರಿದು ಸುತ್ತಿತ್ತು, ಮಡಿಕೆ ಮಡಿಕೆಯಾಗಿ. ಹುಣ್ಣಾಗಬಾರದೆಂದು ಅವನ ತಾಯಿ ಪ್ರತಿ ಅಮಾವಾಸ್ಯೆಗೆ ಅದನ್ನು ಬದಲಿಸುತ್ತಿದ್ದಳು. ಕೀಲಿ ಇದ್ದದ್ದೂ ಆ ಅವ್ವನ ಸೆರಗಿನಲ್ಲೇ. ಆ ಮನೆಯವರನ್ನು ಕ್ರೂರಿಗಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅವರಿಗೆ ಬೇರೆ ಏನೂ ಗೊತ್ತಿರಲಿಲ್ಲ, ಹತ್ತಿರ ಏನೂ ಇರಲಿಲ್ಲ.

ನಮ್ಮ ಶಾಲೆಯ ಹೆಡ್‌ಮಾಸ್ತರರು ಮನೆಗೆ ಹೋಗಿ ಬಹಳ ದಿನ ಕಾಡಿದ ಮೇಲೆ ಅವನನ್ನು ಧಾರವಾಡಕ್ಕೆ ಒಯ್ದರು. ಐದಾರು ತಿಂಗಳಿಗೆ ಕಾಕಾ ಹೊರಳಿ ಬಂದ. ಮೈ ತುಂಬಿಕೊಂಡಿದ್ದ, ಕೈ ಸ್ವಲ್ಪ ನಡುಗುತ್ತಿತ್ತು, ಮಾತು ಕಡಿಮೆ. ಬಂದವನೇ ಕೊಟ್ಟಿಗೆಗೆ ಹೋಗಿ ದನಗಳ ಮೈ ತಿಕ್ಕಿದ. ಸಗಣಿ ಬಳಿದ. ಓಣಿಯವರು ಬೇಲಿಯಾಚೆ ನಿಂತು ನೋಡಿದರು. ಆದರೆ ಗುಳಿಗೆ ತಿಂಗಳ ಮಟ್ಟಿಗೆ ಮಾತ್ರ. ಪ್ರತಿ ತಿಂಗಳೂ ಅವನ ತಮ್ಮ ಹಾನಗಲ್ಲಿಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು, ಹುಬ್ಬಳ್ಳಿಯಲ್ಲಿ ಬದಲಿಸಿ ಧಾರವಾಡಕ್ಕೆ ಹೋಗಿಬರಬೇಕು. ಎರಡು ದಿನದ ಕೂಲಿ, ಮೇಲೆ ಬಸ್ಸಿನ ಚಾರ್ಜು. ಒಂದು ಮುಂಗಾರಿನಲ್ಲಿ ಬಿತ್ತನೆ ಬಿಟ್ಟು ಹೋಗಲಾಗಲಿಲ್ಲ. ‘ಈಗ ಆರಾಮ ಅದಾನಲ್ಲ’ ಎಂದು ಅದರ ಮುಂದಿನ ತಿಂಗಳೂ ಬಿಟ್ಟರು. ಶ್ರಾವಣದಲ್ಲಿ ಮತ್ತೆ ರಾತ್ರಿಯ ಮಾತು ಕೇಳಿಸತೊಡಗಿತು. ಅವನ ಕಾಯಿಲೆ ಮರಳಿದ್ದಕ್ಕೆ ಔಷಧಿಯ ಸೋಲು ಕಾರಣವಲ್ಲ, ಸುಮಾರು ನೂರು ಕಿಲೋಮೀಟರು ಕಾರಣ. ನನ್ನ ಇಡೀ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಈ ಒಂದು ಮಾತನ್ನೇ.

ಗೋಡೆಯೊಳಗಿನ ಕತೆಯನ್ನು ದೇಶಕ್ಕೆ ದೇಶವೇ ಗಮನವಿಟ್ಟು ನೋಡಿದ್ದು ಬಹಳ ತಡವಾಗಿ. ಅಪರಾಧಿಗಳಲ್ಲದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟು ಶೀಲಾ ಬರ್ಸೆ ಪ್ರಕರಣದಲ್ಲಿ ಹೇಳಿದ್ದು 1993ರಲ್ಲಿ. 1912ರ ಕಾಯಿದೆಯ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಯಾದದ್ದೂ ಅದೇ ವರ್ಷ. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸ್ ನೆರವಿನಿಂದ ದೇಶದ 37 ಮಾನಸಿಕ ಆಸ್ಪತ್ರೆಗಳ ಸ್ಥಿತಿಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಹಲವು ಆಸ್ಪತ್ರೆಗಳು ಕಟ್ಟಿದ ದಿನದ ಜೈಲಿನ ರೂಪದಲ್ಲೇ ಉಳಿದಿವೆ ಎಂಬುದು ಅದರಲ್ಲಿ ಬಯಲಾಯಿತು. ಅದಾದ ಎರಡೇ ವರ್ಷಕ್ಕೆ, 2001ರ ಆಗಸ್ಟ್ 6ರ ನಸುಕಿನಲ್ಲಿ, ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಮಂದಿ ಓಡಲಾಗದೆ ಸತ್ತರು. ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಇಳಕಲ್ ಸೀರೆಯ ಅಂಚು.

ಧಾರವಾಡದ ಸಂಸ್ಥೆಯೂ ಈ ದಶಕಗಳಲ್ಲಿ ಹೆಸರು ಬದಲಿಸುತ್ತ ಬಂತು. ಕರ್ನಾಟಕ ಮಾನಸಿಕ ಆರೋಗ್ಯ ಸಂಸ್ಥೆ ಆಯಿತು. ಆಮೇಲೆ ಸ್ವಾಯತ್ತ ಸಂಸ್ಥೆಯಾಗಿ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಡಿಮ್ಹಾನ್ಸ್, ಆಯಿತು. ಮನೋವೈದ್ಯರನ್ನು ತಯಾರು ಮಾಡುವ ಜಾಗವಾಯಿತು. ನಮ್ಮ ತಾಲೂಕಿನವರು ಈಗ ಹೊರರೋಗಿ ವಿಭಾಗಕ್ಕೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾರೆ. ನೂರು ವರ್ಷದ ಹಿಂದೆ ಇದನ್ನು ಯಾರಿಗಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಮನೆಯವರನ್ನು ಗೋಡೆಯ ಹೊರಗೆ ನಿಲ್ಲಿಸುವುದು ಅಸೈಲಂ ಪದ್ಧತಿಯ ಬೇರು. ಆ ಬೇರನ್ನು ಕಿತ್ತದ್ದು ನಮ್ಮ ದೇಶದವರೇ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಅಡುಗೆ ಅಲ್ಲೇ, ಆರೈಕೆ ಅಲ್ಲೇ, ಕಾಯಿಲೆ ಎಂದರೇನು ಎಂದು ತಿಳಿಸಿ ಹೇಳುವುದೂ ಅಲ್ಲೇ. ಮನೆಯವರು ಜೊತೆಗಿದ್ದ ರೋಗಿಗಳು ಬೇಗ ಗುಣಮುಖರಾಗಿ ಮನೆಗೆ ಹೋದರು. ಉಕ್ಕಡಗಾತ್ರಿಯಲ್ಲಿ, ಹುಲಗೂರಿನಲ್ಲಿ ನಮ್ಮವರು ಬುತ್ತಿ ಕಟ್ಟಿಕೊಂಡು ಇಳಿಯುತ್ತಿದ್ದ ಹಾಗೇ ಇದು ಎಂದು ನನಗೆ ಅನಿಸುತ್ತದೆ. ಅಲ್ಲಿ ಔಷಧಿ ಇರಲಿಲ್ಲ, ಅಸೈಲಂನಲ್ಲಿ ಮನೆ ಇರಲಿಲ್ಲ.

ಮನೆ ಎಂದಾಗ ವಿಳಾಸದ ಮಾತೊಂದನ್ನು ಹೇಳಲೇಬೇಕು. 1940ರ ದಶಕದಲ್ಲಿ ಹಿರೇಕೆರೂರು ಕಡೆಯ ಹುಡುಗನೊಬ್ಬನನ್ನು ಧಾರವಾಡದ ಆಸ್ಪತ್ರೆಗೆ ಸೇರಿಸಿದ್ದರು ಎಂದುಕೊಳ್ಳೋಣ. ಅವನ ವಿಳಾಸ: ಇಂಥ ಊರು, ಕೋಡ ತಾಲೂಕು, ಧಾರವಾಡ ಜಿಲ್ಲೆ, ಮುಂಬಯಿ ಇಲಾಖೆ. ಮೊದಲು ತಾಲೂಕಿನ ಹೆಸರು ಹೋಯಿತು. ಆಮೇಲೆ ಇಲಾಖೆ ಹೋಯಿತು. 1997ರ ಆಗಸ್ಟ್‌ನಲ್ಲಿ ಹಾವೇರಿ ಹೊಸ ಜಿಲ್ಲೆಯಾಯಿತು, ಜಿಲ್ಲೆಯ ಹೆಸರೂ ಹೋಯಿತು. ಅಷ್ಟರಲ್ಲಿ ಅವನ ಅಪ್ಪ ಅವ್ವ ತೀರಿರುತ್ತಾರೆ, ಹೊಲ ಅಣ್ಣತಮ್ಮಂದಿರಲ್ಲಿ ಪಾಲಾಗಿರುತ್ತದೆ. ಆ ಪಾಲಿನಲ್ಲಿ ಅವನ ಹೆಸರಿರುವುದಿಲ್ಲ. ಮನುಷ್ಯ ಬದುಕಿದ್ದಾನೆ, ವಿಳಾಸ ಸತ್ತಿದೆ. ದೇಶದ ಪ್ರತಿ ಹಳೆಯ ಮಾನಸಿಕ ಆಸ್ಪತ್ರೆಯಲ್ಲೂ ಇಂಥವರು ದಶಕಗಟ್ಟಲೆ ಉಳಿದರು. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯ ಕಾವೇರಿಗಾದರೂ ಗುಣವಾಗಿ ಬಂದ ಮೇಲೆ ಕಾಲಿಡಲು ಒಂದು ಹೊಸ್ತಿಲಿತ್ತು, ಅದು ಎಷ್ಟೇ ಮುಳ್ಳಿನದಾಗಿರಲಿ. ಇವರಿಗೆ ಅದೂ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಕುಟುಂಬವಿಲ್ಲ, ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು ಹೇಳಿದಾಗ, ಯಾವುದೇ ರೀತಿಯಲ್ಲಿ ಸರಪಳಿ ಹಾಕುವುದನ್ನು ನಿಷೇಧಿಸಿದಾಗ, ಆ ಕಲಮುಗಳನ್ನು ನಾನು ಎರಡೆರಡು ಸಲ ಓದಿದೆ.

ರೋಗಿಯ ಬದಲು ಚಿಕಿತ್ಸೆಯೇ ಊರಿಗೆ ಬರುವಂತೆ ದಾರಿ ತಿರುಗಿಸುವ ಕೆಲಸವನ್ನು ಮೊದಮೊದಲು ಕೈಗೆತ್ತಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ನಿಮ್ಹಾನ್ಸ್ 1970ರ ದಶಕದಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಹಳ್ಳಿಯ ಪ್ರಯೋಗ ಶುರುಮಾಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ಊರ ಹತ್ತಿರ ತಂದಿತು. ಅದೇ ಮಾದರಿ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ಸರಕಾರದ ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರೇ ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಾಯಿತು. 2022ರಿಂದ 14416 ಎಂಬ ಸಹಾಯವಾಣಿಯ ನಂಬರಿಗೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಂಥ ಒಂದು ಮಂಗಳವಾರ, ನನ್ನ ಬಿಪಿ ಗುಳಿಗೆಗೆಂದು ತಾಲೂಕು ಆಸ್ಪತ್ರೆಗೆ ಹೋದಾಗ, ಬೆಂಚಿನ ಮೇಲೆ ಒಬ್ಬ ತಾಯಿ, ಪಕ್ಕದಲ್ಲಿ ಇಪ್ಪತ್ತೈದರ ಆಸುಪಾಸಿನ ಮಗಳು. ತಾಯಿಯ ಕೈಯಲ್ಲಿ ಕ್ಯಾರಿಬ್ಯಾಗು, ಅದರಲ್ಲಿ ಅಂಚು ಮಡಚಿದ ಆಸ್ಪತ್ರೆಯ ಪುಸ್ತಕ, ಗುಳಿಗೆ ಮುಗಿದ ಬೆಳ್ಳಿ ಹಾಳೆಗಳು. ನನ್ನನ್ನು ಗುರುತಿಸಿದಳು, ನನ್ನ ಕೈಯಲ್ಲಿ ಓದಿದವಳಂತೆ.

‘ಯಾರಿಗವ್ವಾ ಆರಾಮಿಲ್ಲ?’ ಎಂದೆ.

‘ಇಕಿಗ್ರೀ ಸರ್ರ. ತಿಂಗಳಿಗೊಂದು ಸೂಜಿ ಹಾಕಸ್ಬೇಕ್ರೀ. ಮೊದಲ ಧಾರವಾಡಕ್ಕ ಹೋಗ್ತಿದ್ವಿ. ಈಗ ಇಲ್ಲೇ ಹಾಕ್ತಾರ್ರಿ.’

ದನಿ ತಗ್ಗಿಸಲಿಲ್ಲ. ಸುತ್ತ ಹತ್ತು ಮಂದಿ ಇದ್ದರು. ನಾನು ಸುಮ್ಮನೆ ಅವಳ ಮುಖ ನೋಡಿದೆ. ಮಗಳು ಮೊಬೈಲಿನಿಂದ ತಲೆಯೆತ್ತಿ, ‘ಯವ್ವಾ, ಹನ್ನೆರಡೂವರಿ ಬಸ್ಸಿಗೆ ಹೋದ್ರ ದನಾ ಬಿಡಾಕ ಆಗ್ತೈತಿ, ಲಗೂನ ಕೇಳ’ ಎಂದಳು. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು, ಅವಳು ತಾನೇ ಎದ್ದು ಹೋದಳು.